ಹಗೇವಿಗೆ ಇಳಿದ ಫೋಟೋ ಪುಟ್ಟಸ್ವಾಮಿ

ಯಾವ ಕಣಜವನ್ನು ಕಂಡರೂ ಪುಟ್ಟಸ್ವಾಮಿ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ, ಹಲಗೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಕ್ಯಾಮೆರಾ ಆಮೇಲೆ. “ಒಟ್ಟೆ ಖಾಲಿ ಕಣ್ ಮೇಡಮ್ಮೋರೇ. ಇದ್ರ ಮಕ ಬ್ಯಾರೆ ಥರಾ ಬತ್ತದೆ.”

ಹೊಳೆನರಸೀಪುರದಲ್ಲಿ ಅವರದು ಮದುವೆ ಫೋಟೋಗಳ ಸ್ಟುಡಿಯೋ. ಅಲ್ಲಿಯ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಮದುವೆಯಿಲ್ಲದ ಭಾನುವಾರಗಳಲ್ಲಿ ಇಬ್ಬರೂ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದೆವು. ಮನೆಯವರು ಮರದ ಕಣಜಗಳನ್ನು ಬಿಚ್ಚಿ, ಹಲಗೆಗಳನ್ನು ಟೀಪಾಯಿ ಮಾಡುವವರಿಗೆ ಮಾರುವ ಮೊದಲು ಒಂದು ಪಟ ಆಗಬೇಕೆಂಬುದು ಪುಟ್ಟಸ್ವಾಮಿಯ ಹಟ. ಒಮ್ಮೆ ಗೊರೂರಿನ ಹತ್ತಿರ ಮದುವೆಯ ನಡುವೆಯೇ ತಪ್ಪಿಸಿಕೊಂಡು ಪಕ್ಕದ ಮನೆಯ ಕಣಜದೊಳಗೆ ಕೂತಿದ್ದರಂತೆ. ಹೆಣ್ಣಿನ ಅಪ್ಪ ಬಂದು, “ಲೇ ಪುಟ್ಸಾಮಿ, ತಾಳಿ ಕಟ್ಟೋದು ಇಲ್ಲಲ್ಲ ಕಣ್ಲಾ!” ಎಂದು ಎಳೆದೊಯ್ದರಂತೆ.

ಅರಕಲಗೂಡಿನ ಆಚೆ, ಕೆಂಪಮ್ಮನವರ ಮನೆ ಮುಂದೆ ಒಂದು ಹಗೇವು ಉಳಿದಿತ್ತು. ರಾಗಿ ತುಂಬಿಡಲು ನೆಲದೊಳಗೆ ಗುಡಾಣದಂತೆ ಅಗೆದ ಗುಂಡಿ. ಒಬ್ಬರು ಇಳಿಯುವಷ್ಟೇ ಬಾಯಿ, ಮೇಲೊಂದು ಚಪ್ಪಡಿ. ನಾವು ಹೋದ ಮಾರನೆಯ ದಿನ ಜೆಸಿಬಿ ಬಂದು ಅದನ್ನು ಮುಚ್ಚಲಿತ್ತು. ಹಗೇವಿನ ಒಳಗಿನಿಂದ ಒಂದು ಪಟ ಪುಟ್ಟಸ್ವಾಮಿಗೆ ಎಲ್ಲೂ ಸಿಕ್ಕಿರಲಿಲ್ಲ. ಚಪ್ಪಡಿ ಸರಿಸಿದಾಗ ಕೊಳೆತ ಹೊಟ್ಟಿನ ವಾಸನೆ ಬಂತು.

ಇಳಿಯುವ ಮುಂಚೆ ದೀಪ ಇಳಿಬಿಡುವುದು ಅಲ್ಲಿಯ ರೂಢಿ. ದೀಪ ಆರಿದರೆ ಒಳಗೆ ಉಸಿರಿಗೆ ಗಾಳಿಯಿಲ್ಲವೆಂದು ಅರ್ಥ.

“ದೀಪ ಇಳಿಬುಟ್ಯೇನಪ್ಪಾ?” ಹಜಾರದಿಂದ ಕೆಂಪಮ್ಮ ಕೇಳಿದರು.

“ಬುಟ್ಟೆ ಕಣಕ್ಕಾ. ಒಳ್ಗೆ ಸೂರ್ಯ ಉಟ್ದಂಗೈತೆ!”

ಇಳಿಬಿಟ್ಟದ್ದು ಮದುವೆ ಮನೆಯ ಎಲ್‌ಇಡಿ ಲೈಟು.

ಕೆಂಪಮ್ಮ ಹಗ್ಗ ತಂದರು.

“ಪಟದಾಗೆ ಅಗ್ಗ ಕಾಣ್ತದಕ್ಕಾ.”

“ಕಂಡ್ರೆ ಕಾಣ್ಲಿ. ನನ್ ಮನೆ ಮುಂದೆ ಎಣ ಕಾಣ್ಬಾರ್ದು.” ಪುಟ್ಟಸ್ವಾಮಿಯ ಕಂಕುಳಡಿ ಬಿಗಿದು ಗಂಟು ಹಾಕಿದರು. ಅವರು ಇಳಿದರು.

ಕೆಳಗಿನಿಂದ “ಎಂಥಾ ಚಂದ ಮೇಡಮ್ಮೋರೇ” ಎಂಬ ಮಾತು ಕೇಳಿತು. ಆಮೇಲೆ ಸದ್ದಿಲ್ಲ. ಪಟ ತೆಗೆಯುವಾಗ ಅವರು ಹಾಗೆಯೇ ಸುಮ್ಮನಾಗುತ್ತಿದ್ದರು. ಬಗ್ಗಿ ನೋಡಿದೆ. ಲೈಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು, ತಲೆ ಎದೆಗೆ ಬಿದ್ದಿತ್ತು. ಲೈಟು ಮಾತ್ರ ಝಗಝಗ ಉರಿಯುತ್ತಿತ್ತು. ಬ್ಯಾಟರಿಗೆ ಗಾಳಿ ಬೇಕಿಲ್ಲ ಎಂಬುದು ಆಗ ಹೊಳೆಯಿತು.

“ಎಳೀರಿ! ನೋಡ್ತಾ ನಿಂತ್ರಲ್ಲಾ, ಎಳೀರಿ!” ಕೆಂಪಮ್ಮ ಕೂಗಿದರು.

ಕೆಂಪಮ್ಮ, ನಾನು, ಎದುರು ಮನೆಯವರು ಎಳೆದೆವು. ಆ ಭಾರ ಈಗಲೂ ನನ್ನ ಅಂಗೈಯಲ್ಲಿದೆ. ಪಾಠದ ನಡುವೆ ಬೆರಳು ಬಿಗಿದುಕೊಳ್ಳುತ್ತದೆ, ಹೇಳುತ್ತಿದ್ದುದು ಮರೆತುಹೋಗುತ್ತದೆ.

ಬದುಕಿದರು. ಹಾಸನದ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮೂಗಿನ ನಳಿಕೆ ಸರಿಸಿ, “ಇನ್ನೊಂದ್ ಗಳಿಗೆ ತಡ್ದಿದ್ರೆ ಪಟ ಬಂದ್ಬುಡೋದು” ಎಂದು ನಕ್ಕರು. ನನಗೆ ನಗಲಾಗಲಿಲ್ಲ. ತಂದಿದ್ದ ಹಣ್ಣನ್ನು ಅವರ ಹೆಂಡತಿಯ ಕೈಗಿತ್ತು ಹೊರಗೆ ಬಂದೆ.

ಮುಂದಿನ ತಿಂಗಳು ಪುಟ್ಟಸ್ವಾಮಿಯ ಫೋನು ಬಂತು. “ಸಾಲಗಾಮೆ ತಾವ ಒಂದು ಅಗೇವು ಉಳ್ಕಂಡೈತಂತೆ. ಬತ್ತೀರಾ?”

“ಬರಲ್ಲ. ನೀವೂ ಹೋಗಬೇಡಿ.”

“ಆಗ್ಲಿ ಬುಡಿ” ಎಂದರು. ಅಷ್ಟು ಬೇಗ ಒಪ್ಪುವ ಮನುಷ್ಯರಲ್ಲ. ಮತ್ತೆ ಕರೆಯಲೂ ಇಲ್ಲ.

ಭಾನುವಾರ ಒಬ್ಬರೇ ಎಲ್ಲಿ ಇಳಿದರೋ ಎಂದು, ಪ್ರತಿ ಸೋಮವಾರ ಬೆಳಿಗ್ಗೆ ಸುತ್ತು ದಾರಿ ಹಿಡಿದು, ಸ್ಟುಡಿಯೋದ ಷಟರ್ ಎತ್ತಿದೆಯೇ ಎಂದು ನೋಡಿಕೊಂಡು ಕಾಲೇಜಿಗೆ ಹೋಗುತ್ತೇನೆ. ಒಳಗೆ ಹೋಗುವುದಿಲ್ಲ.