ಕೌದಿಯ ನಡುವಿನ ಕರಿ

ನಮ್ಮ ಅತ್ತೆಗೆ ಬರೀ ಹಸಿರು ಎಂದರೆ ಸಾಲುತ್ತಿರಲಿಲ್ಲ. "ಎಂಥಾ ಹಸರ? ಗಿಣಿ ಹಸರೋ, ಪಾಚಿ ಹಸರೋ, ಮೆಂತೆ ಪಲ್ಲೆದ ಹಸರೋ?" ಎಂದು ಕೇಳುವರು. ಅವರ ತವರು ಇಂಡಿ ಕಡೆ, ಲಿಂಬಿ ತೋಟದ ಮನೆ. ಸೀರೆ ಅಂಗಡಿಯವನು ಲಿಂಬಿ ಬಣ್ಣ ಎಂದು ಮಡಿಕೆ ಬಿಚ್ಚಿದರೆ, "ಗಿಡದಾಗಿನ ಲಿಂಬಿಯೋ, ಬುಟ್ಟ್ಯಾಗಿನ ಲಿಂಬಿಯೋ? ಮೊದಲ ಅದನ್ನ ಹೇಳಪಾ" ಎಂದು ಅವನನ್ನೇ ತಬ್ಬಿಬ್ಬು ಮಾಡುವರು.

ಅವರ ಬಣ್ಣಗಳೆಲ್ಲ ಅಡುಗೆಮನೆಯಿಂದ, ಹೊಲದಿಂದ ಬಂದವು. ಬದನಿಕಾಯಿ, ಅಬ್ಬಲಿಗಿ, ಗೋದಿ, ಬೂದಿ. ಹಳದಿ ಎಂದರೆ ಅವರಿಗೆ ನಗು. ಹಿಂದಿಯವರ ಹಲ್ದಿಯೂ ನಮ್ಮ ಅರಿಷಿಣವೂ ಒಂದೇ ಅಂದಮೇಲೆ ಸೀದಾ ಅರಿಷಿಣ ಅನ್ನಲಿಕ್ಕೆ ಏನು ಧಾಡಿ ಎನ್ನುವರು. ಬದಾಮಿ, ಊದಾ, ಖಾಕಿಗಳು ಉರ್ದು, ಫಾರ್ಸಿ ಕಡೆಯಿಂದ ಬಂದು ನಮ್ಮ ಬಾಯಲ್ಲಿ ಉಳಿದವು. ಖಾಕ್ ಎಂದರೆ ಧೂಳು ಎಂದು ನನ್ನ ಮಗ ಹೇಳಿದ ದಿನ ಅತ್ತೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿ ನಕ್ಕರು. "ಕಂಡಕ್ಟರ್ ಅಂಗಿಗೆ ಸರಿಯಾದ ಹೆಸರ ಇಟ್ಟಾರ ನೋಡು. ನಿಮ್ಮಪ್ಪ ದಿನಾ ಸಿಂದಗಿ ರಸ್ತೆದಷ್ಟೂ ಧೂಳ ಮೈಮ್ಯಾಲ ಹೊತ್ಕೊಂಡ ಬರ್ತಾನ!" ನನ್ನ ಯಜಮಾನರು ಬಸ್ ಕಂಡಕ್ಟರ್. ಆ ಅಂಗಿಗಳನ್ನು ಒಗೆಯುವವಳು ನಾನು, ಹಾಗಾಗಿ ನನಗೂ ಆ ಮಾತು ಸರಿಯೆನಿಸಿತು.

ಕರಿ ಬಣ್ಣದ ಲೆಕ್ಕ ಮಾತ್ರ ನಮ್ಮ ಮನೆಯಲ್ಲಿ ಬೇರೆ. ಮದುವೆಯ ಜವಳಿಯಲ್ಲಿ ಒಂದು ಕರಿ ದಾರವೂ ಸೇರದಂತೆ ನೋಡುವ ನಾವೇ, ಹೊಸ ಸೊಸೆಗೆ ಮೊದಲ ಸಂಕ್ರಾಂತಿಯಲ್ಲಿ ಮೈತುಂಬ ಕರಿ ಸೀರೆ ಉಡಿಸುತ್ತೇವೆ. ಚಂದ್ರಕಾಳಿ ಎಂದು ಅದರ ಹೆಸರು. ಒಡಲು ಕರಿ, ಅಂಚು, ಸೆರಗು ಕೆಂಪು. ನಾನು ಈ ಮನೆಗೆ ಬಂದ ವರ್ಷ ಅತ್ತೆ ತಮ್ಮ ಚಂದ್ರಕಾಳಿಯನ್ನೇ ನನಗೆ ಉಡಿಸಿದರು. ಕರಿ ಯಾಕ್ರಿ ಎಂದು ನಾನು ಅಂಜುತ್ತ ಕೇಳಿದ್ದಕ್ಕೆ, ನಿರಿಗೆ ಹಿಡಿಯುತ್ತಲೇ ಹೇಳಿದರು: "ಜ್ವಾಳ ಬೆಳಿಯೂ ಎರಿ ಹೊಲ ಯಾವ ಬಣ್ಣ? ನಿನ್ನ ಕೊರಳಾಗಿನ ಮಣಿ ಯಾವ ಬಣ್ಣ? ಚಳ್ಯಾಗ ಬೆಚ್ಚಗ ಇರ್ತೈತಿ, ಸುಮ್ನ ಉಡು."

ಆ ಸೀರೆಯನ್ನು ನಾನು ಕತ್ತರಿಸಿದೆ.

ಒಂದು ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಣ್ಣುಮಗಳು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಳು. ಹಳೆ ಸೀರೆ, ಅಂಗಿಗಳ ಗಂಟು ಬಿಚ್ಚಿ ತುಂಡುಗಳನ್ನು ಹೊಂದಿಸುತ್ತ, "ಯಕ್ಕಾ, ನಡುವ ಒಂದ ಕರೇದ ಹಾಕ್ರಿ, ದೃಷ್ಟಿ ಆಗೂದಿಲ್ಲ" ಅಂದಳು. ಅತ್ತೆ ಆಗ ತವರಿಗೆ ಹೋಗಿದ್ದರು. ಟ್ರಂಕು ತೆಗೆದೆ. ಚಂದ್ರಕಾಳಿ ಮಡಿಕೆಯಲ್ಲಿ ಪಿಸಿದು ಎರಡು ಕಡೆ ಹರಿದಿತ್ತು. ಇನ್ನು ಯಾರು ಉಡುತ್ತಾರೆ ಎನಿಸಿತು. ಅದು ಅತ್ತೆಯದು ಎಂಬುದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಬಂದಮೇಲೆ ಹೇಳಿದರಾಯಿತು ಅಂದುಕೊಂಡೆ, ಹೇಳಲಿಲ್ಲ.

ಹೇಳದೆ ನಡೆಯಿತು, ಯಾಕೆಂದರೆ ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆ ಕೌದಿಯನ್ನೇ ಹಾಸಿಕೊಂಡು ಮಲಗುತ್ತಿದ್ದರು. ದಿನಕ್ಕೆ ಹತ್ತು ಸಲ "ಇದು ಯಾವ ಬಣ್ಣ ಬೇ?" ಎಂದು ಕೇಳುವರು, ನಾನು ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ ಬಾಯಿಗೆ ಬಂದದ್ದು ಹೇಳುವೆ. ಆಗೀಗ, "ಚಂದ್ರಕಾಳಿಗೆ ನುಸಿ ಹತ್ತೀತು, ಬೇವಿನ ಎಲಿ ಹಾಕೀಯಲ್ಲ?" ಎನ್ನುವರು. "ಹಾಕೇನ್ರಿ ಅತ್ತಿ" ಎನ್ನುವೆ.

ಇಷ್ಟೇ ಆಗಿದ್ದರೆ ಹರಿದ ಸೀರೆಯ ಮಾತೆಂದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಯಜಮಾನರು, "ಅವ್ವಗ ಆಪರೇಶನ್ ಮಾಡಸೂನು" ಎಂದಾಗಲೆಲ್ಲ ನಾನು ಅಡ್ಡ ಬಂದೆ. ಮೊದಲು ಬೇಸಿಗೆ ಮುಗಿಯಲಿ ಎಂದೆ, ಆಮೇಲೆ ಮಳೆ ನಿಲ್ಲಲಿ ಎಂದೆ, ಆಮೇಲೆ ಮಗನ ಮದುವೆ ಆಗಲಿ ಎಂದೆ. ಅತ್ತೆಯ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಕಣ್ಣು ಬಂದರೆ ಕೌದಿ ಕಾಣುತ್ತದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಮಗನ ಮದುವೆಯಾಯಿತು, ಮೋರಟಗಿ ಕಡೆಯ ಹುಡುಗಿ ಸೊಸೆಯಾಗಿ ಬಂದಳು. ದೀಪಾವಳಿ ಮುಗಿದದ್ದೇ ತಡ, ಅತ್ತೆ ಪಟ್ಟು ಹಿಡಿದರು: "ಈ ಸಂಕ್ರಾಂತಿಗೆ ನನ್ನ ಚಂದ್ರಕಾಳಿ ಈಕಿಗೆ ನಾನ ಉಡಸಬೇಕು, ನಾನ ನೋಡಬೇಕು. ದವಾಖಾನಿಗೆ ಕರ್ಕೊಂಡ ಹೋಗ್ತೀರೋ, ನಾನ ಬಸ್ ಹತ್ಲೋ?"

ಇನ್ನು ತಡೆಯಲು ನನ್ನ ಬಳಿ ನೆಪ ಉಳಿದಿರಲಿಲ್ಲ. ನಮ್ಮೂರು ಬಾಗೇವಾಡಿಯಲ್ಲಿ ಅಂಗಡಿಯವರೆಲ್ಲ ಅತ್ತೆಯ ಪರಿಚಯದವರು. ಅದಕ್ಕೇ ಮುದ್ದೇಬಿಹಾಳಕ್ಕೆ ಹೋಗಿ ಹೊಸ ಚಂದ್ರಕಾಳಿ ಕೊಂಡು ತಂದು ಟ್ರಂಕಿನ ತಳದಲ್ಲಿ ಇಟ್ಟೆ. ಕೌದಿಯನ್ನು ಸುತ್ತಿ ಅಟ್ಟಕ್ಕೇರಿಸಿದೆ.

ಒಂದು ಕಣ್ಣಿನದು ಮುಗಿದು ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನೋಡಿದ್ದು ದವಾಖಾನೆಯ ಗೋಡೆಯನ್ನು. "ಅಯ್ಯ, ಬಿಳಿ ಅಂದ್ರ ಇಷ್ಟ ಬೆಳ್ಳಗ ಇರ್ತೈತೇನು! ನಾ ಎಲ್ಲಾ ಬದಾಮಿ ಅಂತ ತಿಳ್ಕೊಂಡಿದ್ದೆ." ನರ್ಸಮ್ಮನ ದುಪಟ್ಟಾ ಹಿಡಿದು ಆಕಾಶಿ, ಆಕಾಶಿ ಎಂದು ಮಗುವಿನಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಸುಮಾರು ಹೊತ್ತು ನೋಡಿದರು.

"ನಿನ್ನ ಕೂದ್ಲ ಯಾವಾಗ ಬೆಳ್ಳಗಾದ್ವು? ನನಗ ಯಾಕ ಯಾರೂ ಹೇಳ್ಲಿಲ್ಲ?"

ಆಗಲೇ ಎಲ್ಲ ಹೇಳಿಬಿಡಬೇಕಿತ್ತು. "ವಯಸ್ಸಾತ್ರಿ ಅತ್ತಿ" ಎಂದು ಅವರ ಚಪ್ಪಲಿ ಹುಡುಕಲು ಬಗ್ಗಿದೆ.

ಎರಡನೆಯ ಕಣ್ಣಿನದೂ ಮುಗಿಯಿತು, ಚಳಿ ಹೆಚ್ಚಾಯಿತು. ಕೌದಿ ಎಲ್ಲಿ ಎಂದು ಕೇಳಿದರು, ಒಗೆಯಲು ಹಾಕಿದೆ ಎಂದೆ. ಹೊಸ ಸೊಸೆ ಚುರುಕು ಹುಡುಗಿ. ಒಂದು ಮುಂಜಾನೆ ಅಟ್ಟದಲ್ಲಿ ಕಂಡ ಕೌದಿಯನ್ನು ತಾನೇ ಇಳಿಸಿ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು. "ಆಯಿ, ಬರ್ರಿ, ನಿಮ್ಮ ಕೌದಿ ಸಿಕ್ತು!" ಎಂದು ಕೂಗಿದಳು. ಈಗ ಮೆಟ್ಟಿಲು ಕಾಣುತ್ತಿತ್ತಲ್ಲ, ಅತ್ತೆ ಒಬ್ಬರೇ ಹತ್ತಿಹೋದರು. ನಾನು ಕೈಯ ಹಿಟ್ಟು ಸಹ ತೊಳೆಯದೆ ಹಿಂದೆ ಓಡಿದೆ.

ಅಂಚಿನಿಂದ ಒಂದೊಂದೇ ತುಂಡನ್ನು ಮುಟ್ಟಿ ಸೊಸೆಗೆ ತೋರಿಸುತ್ತಿದ್ದರು. "ಇದು ನಿಮ್ಮಜ್ಜ ತಲಿಗೆ ಸುತ್ತತಿದ್ದ ಪಟಗಾ. ಇದು ಊದಾ, ನನ್ನ ನಾದಿನಿ ಕೊಟ್ಟಿದ್ದು. ಇದು ನಿಮ್ಮ ಮಾವನ ಖಾಕಿ, ಎಷ್ಟ ಒಗದರೂ ಧೂಳ ಹೋಗಿಲ್ಲ ನೋಡು." ಬೆರಳು ನಡುವಿಗೆ ಬಂದು ನಿಂತಿತು. ಕರಿ ತುಂಡು, ಪಕ್ಕದಲ್ಲಿ ಒಂದು ಗೇಣು ಕೆಂಪು ಅಂಚು. ಅಂಗೈ ಇಟ್ಟರು.

"ಕೆಳಗ ಹೋಗಿ ಚಾ ಇಡು ತಂಗಿ" ಎಂದು ಸೊಸೆಯನ್ನು ಕಳಿಸಿದರು. ಆಮೇಲೆ ನನ್ನನ್ನು ಕೇಳಿದರು: "ಇದು ಯಾವ ಬಣ್ಣ?"

"ಕರಿ ಐತ್ರಿ."

"ಇದಕ್ಕೇನ, ನನ್ನ ಕಣ್ಣಿಂದು ತಡಾ ಆಗಿದ್ದು?"

ಬೈದಿದ್ದರೆ ಅಳುತ್ತಿದ್ದೆ. ಅವರು ಕೇಳಿದರಷ್ಟೆ. ನಾನು ಹೌದು ಎಂದು ತಲೆ ಆಡಿಸಿದೆ. ಅತ್ತೆ ಊರಿನ ಕಡೆ ಮುಖ ಮಾಡಿ ಕುಳಿತರು. ಕೆಳಗಿನಿಂದ ಚಹಾ ಕುದಿಯುವ ವಾಸನೆ ಬಂತು.

"ಹೊಸದು ತಂದಿರಬೇಕಲ್ಲ ನೀ. ತಾ."

ತಂದೆ. ಬಿಸಿಲಿಗೆ ಹಿಡಿದು ನೋಡಿದರು. "ಇದು ಪೂರಾ ಕರಿ ಅಲ್ಲ. ಒಳಗ ನೀಲಿ ಹೊಡೀತೈತಿ. ನಿನಗ ಕಣ್ಣ ಇದ್ವಲ್ಲ?"

ಸಂಕ್ರಾಂತಿಯ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಆಲಮಟ್ಟಿಯ ಹಿನ್ನೀರಿನ ದಂಡೆಗೆ ಹೋದೆವು. ಸ್ನಾನವಾದ ಮೇಲೆ ಅತ್ತೆ ಮೊಮ್ಮಗನ ಹೆಂಡತಿಗೆ ತಮ್ಮ ಕೈಯಾರೆ ಆ ಸೀರೆ ಉಡಿಸಿದರು. ಸಜ್ಜೆ ರೊಟ್ಟಿ ಹಂಚುವಾಗ ನೆರೆಮನೆಯಾಕೆ ಸೆರಗು ಮುಟ್ಟಿ ನೋಡಿ ಕೇಳಿದಳು: "ಆಯಿ, ನೀವು ಹೇಳ್ತಿದ್ದ ಚಂದ್ರಕಾಳಿ ಇದ ಏನ್ರಿ? ಹೊಸದರಂಗ ಇಟ್ಟೀರಲ್ರಿ!"

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಹೌದವಾ, ಅದ ಇದು. ನನ್ನ ಸೊಸಿ ಜೋಪಾನ ಮಾಡ್ಯಾಳ" ಎಂದರು ಅತ್ತೆ. ಒಂದು ಬಣ್ಣವನ್ನೂ ತಪ್ಪಾಗಿ ಹೇಳದ ಬಾಯಿ ಅದು. ಅವರು ನನ್ನ ಕಡೆ ನೋಡಲಿಲ್ಲ. ಎಲ್ಲರೂ ನನ್ನನ್ನು ಹೊಗಳಿದರು. ಆ ಹೊತ್ತಿನ ಎಣಗಾಯಿಯ ರುಚಿ ನನಗೆ ನೆನಪಿಲ್ಲ.

ಮರುದಿನ ಹಬ್ಬದ ಕರಿ. ಹೊಸ ಕೆಲಸ ಹಿಡಿಯಬಾರದ ದಿನ, ಹಳೆಯದನ್ನು ಸರಿಮಾಡಬಹುದು. ಕೌದಿಯ ನಡುವಿನ ತುಂಡು ಒಂದು ಮೂಲೆಯಲ್ಲಿ ಬಿಚ್ಚಿತ್ತು. "ಕರಿ ದಾರ ತಾ" ಎಂದರು. ಡಬ್ಬಿ ಹುಡುಕಿ ತಂದುಕೊಟ್ಟೆ. ಮೊದಲಾದರೆ ನನ್ನ ಮಾತು ನಂಬಿ ಹಾಗೇ ಇಸಿದುಕೊಳ್ಳುತ್ತಿದ್ದರು. ಈಗ ಉಂಡೆ ಹಿಡಿದು ಬಾಗಿಲ ತನಕ ನಡೆದರು, ಎಳೆಯನ್ನು ಬೆಳಕಿಗೆ ಚಾಚಿ ನೋಡಿದರು. ಕರಿಯೇ ಇತ್ತು. ಆಮೇಲೆ ಸೂಜಿಗೆ ತಾವೇ ಪೋಣಿಸಿದರು.