ಕೊಬ್ಬರಿ ತಕ್ಕಡಿಯಲ್ಲಿ ತಂಗಿ

ಜ್ವರದಿಂದ ಸುಡುತ್ತಿದ್ದ ಒಂದು ವರ್ಷದ ತಂಗಿಗೆ ಅಮ್ಮ ಔಷಧಿಯನ್ನು ಅಂದಾಜಿನಲ್ಲಿ ಚಮಚಕ್ಕೆ ಸುರಿಯುತ್ತಿದ್ದರು. ಮನೆಗೆ ಬಂದಿದ್ದ ನರ್ಸಮ್ಮ ಕೈ ಹಿಡಿದು ತಡೆದರು. ನಾನಾಗ ನಾಲ್ಕನೇ ತರಗತಿ.

“ಇದು ತೂಕ ನೋಡಿ ಕೊಡೋ ಔಷಧಿ ಕಣಮ್ಮ. ಜಾಸ್ತಿಯಾದ್ರೆ ಲಿವರ್ ಕೆಡುತ್ತೆ,” ಎನ್ನುತ್ತಾ ಅವರು ಮೂಲೆಯಲ್ಲಿದ್ದ, ಕೊಬ್ಬರಿ ತೂಗುವ ನಮ್ಮ ತಕ್ಕಡಿಯತ್ತ ನೋಡಿದರು.

ಅಜ್ಜಿ ಅಡ್ಡ ನಿಂತರು. “ಮಗೀನ ತೂಗಿದ್ರೆ ದೃಷ್ಟಿ ಆಯ್ತದೆ. ತಿಪಟೂರು ಮಂಡಿಗೆ ಹಾಕೋ ಕೊಬ್ರಿಯೇನವ್ವ ಇದು?”

“ಕೊಬ್ರಿನೇ ಅಷ್ಟು ಸರಿಯಾಗಿ ತೂಗ್ತೀರಿ. ಮೊಮ್ಮಗಳಿಗೆ ಅಂದಾಜು ಸಾಕಾ ಅಜ್ಜಿ?”

ಅಜ್ಜಿ ತಕ್ಕಡಿಯ ತಟ್ಟೆಗೆ ತಮ್ಮ ಹಳೇ ಸೀರೆ ಹಾಸಿ, ಮಗುವನ್ನು ತಾವೇ ಮಲಗಿಸಿದರು. ಸೀರೆಯ ತೂಕ ಕಳೆದು ಒಂಬತ್ತು ಕೆಜಿ. ಅದಕ್ಕೆ ತಕ್ಕಷ್ಟೇ ಔಷಧಿಯನ್ನು ನರ್ಸಮ್ಮ ಅಳೆದು ಕುಡಿಸಿದರು.

ಆಮೇಲೆ ಕೇರಿಯ ಯಾವ ಮಗುವಿಗೆ ಜ್ವರ ಬಂದರೂ “ಮೊದ್ಲು ತೂಕ ಹಾಕ್ಸು ಬಾರೇ” ಎಂದು ತಾಯಂದಿರನ್ನು ಕರೆಯುತ್ತಿದ್ದವರು ಅಜ್ಜಿಯೇ. ಅವರು ತೀರಿಕೊಂಡ ಮೇಲೂ ತಾಯಂದಿರು ಬರುತ್ತಲೇ ಇದ್ದಾರೆ.