ಶೋಭಕ್ಕನ ಸೈಕಲ್ ನಮ್ಮ ಮನೆಯಲ್ಲಿದ್ದಾಗ

ಹೈಸ್ಕೂಲು ಹುಡುಗಿಯರಿಗೆ ಸರ್ಕಾರದ ಸೈಕಲ್ಲುಗಳು ಬರತೊಡಗಿದ್ದ ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಎಮ್ಮೆ ಹೊರಗಿದ್ದರೂ ಸೈಕಲ್ ಮಾತ್ರ ಮನೆಯೊಳಗೇ ಇರುತ್ತಿತ್ತು. ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಮ್ಮದು ಒಂದೇ ಕೋಣೆಯ ಮನೆ. ಒಂದು ಮೂಲೆಗೆ ಒಲೆ, ಇನ್ನೊಂದಕ್ಕೆ ಜೋಳದ ಚೀಲ, ನಡುವೆ ಅವ್ವ ತೊಟ್ಟು ಬಿಡಿಸಲು ತಂದಿಟ್ಟ ಮೆಣಸಿನಕಾಯಿ ರಾಶಿ. ಉಳಿದ ಜಾಗದಲ್ಲಿ ಅವ್ವ, ರೇಣುಕಕ್ಕ, ನಾನು. ಅಪ್ಪ ಹಾವೇರಿಯ ಖಾನಾವಳಿಯೊಂದರಲ್ಲಿ ಅಡುಗೆಗಿದ್ದ, ವಾರಕ್ಕೊಮ್ಮೆ ಬರುತ್ತಿದ್ದ.

ಅಕ್ಕನ ಸೈಕಲ್ ಒಳಗೆ ಬಂದ ಮೇಲೆ ನನ್ನ ಹಾಸಿಗೆ ಅದರ ಪೆಡಲಿನ ಕೆಳಗೆ ಸರಿಯಿತು. ಮೆಣಸಿನ ಘಾಟು, ಚೈನಿನ ಎಣ್ಣೆಯ ವಾಸನೆ ಎರಡೂ ಕೂಡಿದರೇ ನನಗೆ ನಿದ್ದೆ. ಹಗಲು ರಜೆಯಿದ್ದರೆ ಪೆಡಲು ತಿರುವುತ್ತ ಹಿಟ್ಟಿನ ಗಿರಣಿ ಆಟ ಆಡುತ್ತಿದ್ದೆ.

ಆ ಚಳಿಗಾಲದಲ್ಲಿ ಎರಡನೆಯ ಸೈಕಲ್ ಬಂತು. ಅದು ಅಕ್ಕನ ಗೆಳತಿ ಶೋಭಕ್ಕನದು. ಇಬ್ಬರೂ ಬ್ಯಾಡಗಿಯಲ್ಲಿ ಹತ್ತನೇ ತರಗತಿ ಓದುತ್ತಿದ್ದರು. ಅವಳ ಮನೆ ನಮ್ಮ ಹಿಂದಿನ ಓಣಿಯಲ್ಲಿತ್ತು. ಅವಳ ಅಪ್ಪ ಬಸಪ್ಪ ಕಾಕಾ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದರಿಂದ ಹೊಡೆಯುವವನೆಂದು ಊರಿಗೆಲ್ಲ ಗೊತ್ತಿತ್ತು. ರಾಣೆಬೆನ್ನೂರಿನಲ್ಲಿ ಗಂಡು ನೋಡಿದ್ದ. ಇನ್ನು ಸಾಲಿ ಸಾಕು, ಸೈಕಲ್ ಮಾರುತ್ತೇನೆ ಎಂದು ಹಟ ಹಿಡಿದಿದ್ದ. ಒಂದು ಮಧ್ಯಾಹ್ನ ಶೋಭಕ್ಕನ ಅವ್ವ ಸೈಕಲ್ ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದಳು.

“ಗಿರಿಜವ್ವ, ಇದನ್ನ ಒಳಗ ಇಟ್ಕೋ. ಕಳುವಾತು ಅಂತ ಅವರಿಗೆ ಹೇಳತೇನಿ.”

“ಎಲ್ಲಿ ಇಡ್ಲಿ ಯಕ್ಕಾ? ನಮಗ ಕಾಲ ಚಾಚಾಕ ಜಾಗ ಇಲ್ಲ,” ಎಂದಳು ಅವ್ವ.

“ಅದಕ್ಕ ನಿನ್ನ ಹಂತ್ಯಾಕ ಬಂದೇನಿ. ಈ ಮನ್ಯಾಗ ಎರಡ ಸೈಕಲ್ ಹಿಡೀತಾವು ಅಂತ ಯಾರಿಗೂ ಅನಸಂಗಿಲ್ಲ.”

ಅವ್ವ ಬಾಗಿಲು ಪೂರ್ತಿ ತೆರೆದಳು. ಸೈಕಲ್ಲನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ಕೌದಿಗಳನ್ನು ಹೊದಿಸಿ, ಪಕ್ಕದಲ್ಲಿ ಅಕ್ಕನ ಸೈಕಲ್ ನಿಲ್ಲಿಸಿದೆವು. ನೋಡಿದವರಿಗೆ ಹಾಸಿಗೆಯ ಒಟ್ಟು ಅನ್ನಿಸಬೇಕು. ಬೆಳಿಗ್ಗೆ ಕಾಕಾನ ಟ್ರ್ಯಾಕ್ಟರ್ ಊರು ದಾಟಿದ ಮೇಲೆ ಶೋಭಕ್ಕ ನಮ್ಮಲ್ಲಿಗೆ ಬಂದು, ಯೂನಿಫಾರ್ಮ್ ತೊಟ್ಟು ಅಕ್ಕನ ಜೊತೆ ಹೋಗುತ್ತಿದ್ದಳು. ಅವನು ಮರಳುವುದರೊಳಗೆ ಸೈಕಲ್ ಮತ್ತೆ ಕೌದಿಯ ಅಡಿ ಸೇರುತ್ತಿತ್ತು.

“ನೀ ಬಾಯಿ ಬಿಟ್ಟಿ ಅಂದ್ರ ಶೋಭಾನ್ನ ಸಾಯಹೊಡೀತಾರ ನೋಡು,” ಎಂದಿದ್ದಳು ಅಕ್ಕ.

ಅಂದಿನಿಂದ ನನ್ನ ಆಟ ಕೆಟ್ಟಿತು. ಕುಂಟಾಟದ ನಡುವೆ ಎಲ್ಲಿಯಾದರೂ ಟ್ರ್ಯಾಕ್ಟರ್ ಸದ್ದಾದರೆ ಆಟ ಬಿಟ್ಟು ಮನೆಗೆ ಓಡಿ ಕೌದಿ ಸರಿಯಾಗಿದೆಯೇ ಎಂದು ನೋಡುತ್ತಿದ್ದೆ. ಕಾಕಾ ಎದುರಿಗೆ ಬಂದರೆ ತುಟಿ ಬಿಗಿಹಿಡಿದು ಓಡುತ್ತಿದ್ದೆ, ಮಾತು ತಾನಾಗಿ ಹೊರಗೆ ಬಿದ್ದೀತೆಂದು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನೇ ಬಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವನ ಕೆಮ್ಮು ಅಂಗಳದಲ್ಲಿ ಕೇಳಿದ್ದೇ ತಡ, ನಾನು ಸೈಕಲ್ಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿ, ಕೌದಿಯೊಳಗೆ ಕೈ ಹಾಕಿ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದೆ. ಅದು ಸದ್ದು ಮಾಡಿದರೆ ಎಲ್ಲ ಮುಗಿಯಿತು ಎಂಬುದೊಂದೇ ತಲೆಯಲ್ಲಿತ್ತು.

“ಶೋಭಾ ಬ್ಯಾಡಗಿ ರಸ್ತೇದಾಗ ಸೈಕಲ್ ಮ್ಯಾಲೆ ಹೊಂಟಿದ್ಲು ಅಂತ ಒಬ್ಬವ ಹೇಳಿದ,” ಎಂದ ಕಾಕಾ, ಒಳಗೆ ಬಂದು ಕೂತು. “ನಿಮ್ಮ ರೇಣುಕಾಗ ಗೊತ್ತಿರಬೇಕಲಾ?”

ಅಕ್ಕ ಒಲೆಗೆ ಕಟ್ಟಿಗೆ ಒಡ್ಡಿದಳು. ಅವ್ವ ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಕಾಕಾ ಕೂತಲ್ಲಿಂದಲೇ ಹಿಂದೆ ಸರಿದು ಕೌದಿಯ ಒಟ್ಟಿಗೆ ಬೆನ್ನು ಕೊಟ್ಟ. ಸ್ಟ್ಯಾಂಡು ಜಾರಿತು. ಸೈಕಲ್ ನನ್ನ ಮೇಲೆ ವಾಲಿ, ಪೆಡಲಿನ ಅಂಚು ಮೊಣಕಾಲಿನ ಕೆಳಗೆ ಇಳಿಯಿತು. ಬಿಸಿಯಾದದ್ದೇನೋ ಪಾದದತ್ತ ಹರಿಯಿತು. ನಾನು ಗಂಟೆ ಬಿಡಲಿಲ್ಲ, ಕಿರುಚಲೂ ಇಲ್ಲ.

ಅವನು ಎದ್ದು ಕೌದಿ ಎಳೆದ. ಸೈಕಲ್ ಕಂಡಿತು. ಅದರಡಿ ನಾನೂ ಕಂಡೆ. ಒಂದೇ ಕೈಯಲ್ಲಿ ಸೈಕಲ್ ಎತ್ತಿ ನನ್ನನ್ನು ಹೊರಗೆಳೆದ.

“ಯವ್ವಾ, ರಕ್ತ ಸುರಿಯಾಕತ್ತೇತಿ! ಯಾಕ ಅಳವಲ್ಲಿ ನೀ?” ಎಂದ.

“ಶೋಭಕ್ಕನ್ನ ಹೊಡೀಬ್ಯಾಡ್ರಿ, ಕಾಕಾ,” ಎಂದೆ.

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಅವನಿಗೂ ನನಗೂ ನಡುವೆ ನಿಂತಳು. “ಸೈಕಲ್ ಇಟ್ಕೊಂಡಾಕಿ ನಾನು, ಅಣ್ಣಾರ. ಅನ್ನೂದಿದ್ರ ನನಗ ಅನ್ರಿ.”

ಕಾಕಾ ನನ್ನ ಕಾಲಿನ ಗಾಯ ನೋಡಿದ, ಮುಖ ನೋಡಿದ. ಆಮೇಲೆ ಸೈಕಲ್ ಹೊರಗೆ ಎಳೆಯಲು ಹೋದ. ಹ್ಯಾಂಡಲ್ ಅಕ್ಕನ ಸೈಕಲ್ಲಿಗೆ ಸಿಕ್ಕಿಕೊಂಡು ಬರಲಿಲ್ಲ. ಚೀಲ ಸರಿಸಿ, ಅಕ್ಕನದನ್ನು ಬದಿಗಿಟ್ಟು, ದಾರಿ ಮಾಡಿಕೊಂಡು ಒಯ್ದ.

ಅವ್ವ ನನ್ನ ಗಾಯಕ್ಕೆ ಅರಿಶಿಣ ಒತ್ತುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಮೂವರ ಕಿವಿಯೂ ಹಿಂದಿನ ಓಣಿಯಲ್ಲಿ. ಈಗ ಕೂಗು ಕೇಳುತ್ತದೆ, ಈಗ ಕೇಳುತ್ತದೆ ಎಂದು ಕೂತೆವು. ಏನೂ ಕೇಳಲಿಲ್ಲ. ಅದೇ ಹೆಚ್ಚು ಹೆದರಿಸಿತು. ಆ ದಿನ ಯಾರೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಶೋಭಕ್ಕ ಯೂನಿಫಾರ್ಮ್ ತೊಟ್ಟು, ಅದೇ ಸೈಕಲ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅತ್ತು ಕಣ್ಣು ಊದಿದ್ದವು.

“ಹೊಡದ್ರೇನ?” ಅಕ್ಕ ಕೇಳಿದಳು.

“ಇಲ್ಲ. ಪರೀಕ್ಷಾ ಮುಗಿಯೂತನ ಹೋಗು ಅಂದ್ರು. ಅಷ್ಟ ಅಂದು ಹೊರಗ ಹೋಗಿ ಕುಂತ್ರು.”

ರಾಣೆಬೆನ್ನೂರಿನ ಗಂಡಿನವರು ಕಾಯಲಿಲ್ಲ, ಬೇರೆ ಹುಡುಗಿ ನೋಡಿದರು. ಶೋಭಕ್ಕ ಕಾಲೇಜನ್ನೂ ಮುಗಿಸಿದಳು. ಈಗ ಅದೇ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಕಾಕಾ ಮಾತ್ರ ನಮ್ಮ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ದೊಡ್ಡವಳಾದ ಮೇಲೆ ಒಮ್ಮೆ ಅವ್ವನನ್ನು ಕೇಳಿದ್ದೆ, “ನಿನಗ ಅಂಜಿಕಿ ಬರಲಿಲ್ಲೇನಬೇ?”

“ಬರದ ಏನವ್ವಾ? ಆದ್ರ ಬಾಗಿಲಕ ಬಂದಾಕೀನ ಹೆಂಗ ಹೊಳ್ಳಿ ಕಳಸೂದು?”

ಅವ್ವ ಈಗಿಲ್ಲ. ಆ ಮನೆಯೂ ಬಿದ್ದಿದೆ. ಹಾವೇರಿಯಲ್ಲಿ ನಮ್ಮದೀಗ ಪಡಸಾಲೆ, ಮೂರು ಕೋಣೆ, ಕೆಳಗೆ ಗಾಡಿ ನಿಲ್ಲಿಸಲು ಜಾಗ ಇರುವ ಮನೆ. ಎರಡೂ ಬದಿಯ ಮನೆಗಳಲ್ಲಿ ಯಾರು ಯಾರಿಗೆ ಹೆದರಿ ಬದುಕುತ್ತಿದ್ದಾರೋ ನನಗೆ ಗೊತ್ತಿಲ್ಲ. ಒಳಗೆ ಇಷ್ಟು ಜಾಗ ಖಾಲಿ ಇದೆ. ‘ಇದನ್ನ ಒಳಗ ಇಟ್ಕೋ’ ಎಂದು ಕೇಳಿಕೊಂಡು ಈವರೆಗೆ ಒಬ್ಬರೂ ಬಾಗಿಲು ಬಡಿದಿಲ್ಲ.